ಕಾಲ್ಚೆಂಡಾಟದಲ್ಲಿ ಕೌಶಲವೆಷ್ಟು, ಅದೃಷ್ಟವೆಷ್ಟು?

ಇಂಗ್ಲೆಂಡಿನ ಕಾಲ್ಚೆಂಡಿನ ಲೀಗ್ ಪಂದ್ಯಗಳು ಆಗಸ್ಟಿನಲ್ಲಿ ಮೊದಲಾಗಿ ಮೇ ತಿಂಗಳಲ್ಲಿ ಮುಗಿಯುತ್ತವೆ. ನಡುವೆ ಉಳಿಯುವ ಬೇಸಗೆಯ ವಾರಗಳಲ್ಲಿ ಮೈದಾನಗಳು ಬರಿದಾಗಿರುತ್ತವೆ. ಅಭಿಮಾನಿಗಳ ನಾಲಗೆಗೆ ಮಾತ್ರ ಬಿಡುವಿರುವುದಿಲ್ಲ. ಯಾವ ತಂಡ ಯಾವ ಆಟಗಾರನನ್ನು ಕೊಳ್ಳಬೇಕು, ಯಾರನ್ನು ಬಿಟ್ಟುಕೊಡಬೇಕು, ಮುಂದಿನ ಋತುವಿನಲ್ಲಿ ಮೊದಲನೆಯ ಸ್ಥಾನ ಯಾರದು, ಕೆಳದರ್ಜೆಗೆ ಇಳಿಯುವ ಮೂರು ತಂಡಗಳಾವುವು ಎಂಬ ಪ್ರಶ್ನೆಗಳನ್ನು ಕುರಿತು ಪಾನಗೃಹಗಳಲ್ಲಿಯೂ ರೈಲುಗಾಡಿಗಳಲ್ಲಿಯೂ ಬಿರುಸಿನ ವಾದಗಳು ನಡೆಯುತ್ತವೆ. ವಾದದಲ್ಲಿ ಹಿಂದೆ ಬಿದ್ದವನು "ಮೇ ತಿಂಗಳು ಬರಲಿ, ನೋಡೋಣ" ಎನ್ನುತ್ತಾನೆ. ಮೇ ತಿಂಗಳು ಬಂದಾಗ ಹಿಂದಿನ ಬೇಸಗೆಯಲ್ಲಿ ಆಡಿದ ಮಾತು ಯಾರ ನೆನಪಿನಲ್ಲಿಯೂ ಉಳಿದಿರುವುದಿಲ್ಲ.

ಇದು ಬರಿಯ ಕಾಲಹರಣವೆಂದು ತಳ್ಳಿಹಾಕುವಂತಿಲ್ಲ. ಅಭಿಮಾನಿಗಳು ಬಾಯಲ್ಲಿ ಆಡುವ ಭವಿಷ್ಯವನ್ನೇ ತಂಡದ ಒಡೆಯರು ಹಣದಲ್ಲಿ ಆಡುತ್ತಾರೆ. ಲೀಡ್ಸ್ ಯುನೈಟೆಡ್ ಎಂಬ ಹೆಸರಾಂತ ತಂಡದ ಕಥೆಯನ್ನು ನೋಡಿ. ಬರುವ ವರ್ಷಗಳಲ್ಲಿ ತಾನು ಪಟ್ಟಿಯ ಮೇಲ್ತುದಿಯಲ್ಲಿಯೇ ಇರುವೆನೆಂದೂ, ಯೂರೋಪಿನ ಚಾಂಪಿಯನ್ಸ್ ಲೀಗಿನಲ್ಲಿ ಆಡಿ ಹಣ ಗಳಿಸುವೆನೆಂದೂ ನಂಬಿ ಅದು ಸಾಲ ತಂದು ಆಟಗಾರರನ್ನು ಕೊಂಡಿತು. ೨೦೦೦ದ ನವೆಂಬರಿನಲ್ಲಿ ರಿಯೊ ಫರ್ಡಿನೆಂಡ್ ಒಬ್ಬನಿಗಾಗಿಯೇ ೧ ಕೋಟಿ ೮೦ ಲಕ್ಷ ಪೌಂಡು ತೆತ್ತಿತು. ಮುಂದಿನ ವರ್ಷಗಳ ಟಿಕೆಟ್ ಹುಟ್ಟುವಳಿಯನ್ನು ಆಧಾರವಾಗಿಟ್ಟು ೬ ಕೋಟಿ ಪೌಂಡು ಸಾಲ ಮಾಡಿತು. ಆದರೆ ೨೦೦೦-೦೧ರ ಲೀಗು ಮುಗಿದಾಗ ಮೂರನೆಯ ಸ್ಥಾನದಲ್ಲಿದ್ದ ಲಿವರ್‌ಪೂಲಿಗೆ ೬೯ ಅಂಕಗಳು, ನಾಲ್ಕನೆಯದಾದ ಲೀಡ್ಸಿಗೆ ೬೮. ಆ ವರ್ಷ ಚಾಂಪಿಯನ್ಸ್ ಲೀಗಿಗೆ ಅರ್ಹವಾಗುತ್ತಿದ್ದುದು ಮೊದಲ ಮೂರು ತಂಡಗಳು ಮಾತ್ರ. ಒಂದೇ ಅಂಕದ ಕೊರತೆಯಿಂದ ಬರಬೇಕಾಗಿದ್ದ ಹಣ ಬರಲಿಲ್ಲ; ಆಟಗಾರರನ್ನು ಒಬ್ಬೊಬ್ಬರಾಗಿ ಮಾರಬೇಕಾಯಿತು; ೨೦೦೪ರಲ್ಲಿ ತಂಡ ಕೆಳದರ್ಜೆಗೆ ಇಳಿಯಿತು. ಮತ್ತೆ ಮೇಲಕ್ಕೆ ಬರಲು ಅದಕ್ಕೆ ೧೬ ವರ್ಷಗಳು ಹಿಡಿದವು.

ಆ ಒಂದು ಅಂಕದ ಅಂತರ ಕೌಶಲದ ಅಂತರವೇ? ಅಥವಾ ಗೋಲಿನ ಕಂಬಕ್ಕೆ ತಾಗಿದ ಚೆಂಡು ಒಳಕ್ಕೆ ಉರುಳುವುದೋ ಹೊರಕ್ಕೆ ಸಿಡಿಯುವುದೋ ಎಂಬಂಥ ಆಕಸ್ಮಿಕದ ಫಲವೇ? ಒಂದು ಪಂದ್ಯದಲ್ಲಿ, ಒಂದು ಋತುವಿನಲ್ಲಿ, ಒಬ್ಬ ಆಟಗಾರನ ಸಾಧನೆಯಲ್ಲಿ ಅದೃಷ್ಟದ ಪಾಲೆಷ್ಟು ಎಂಬುದನ್ನು ಅಳೆಯುವುದು ಸಾಧ್ಯವೇ? ಸಾಧ್ಯ. ಸಂಭವನೀಯತೆಯ ಗಣಿತ ಅದಕ್ಕೆ ಬೇಕಾದ ಅಳತೆಗೋಲನ್ನು ಒದಗಿಸಿದೆ.

ಗೋಲು ಎಂಬ ವಿರಳ ಘಟನೆ

ಫ್ರಾನ್ಸಿನ ಗಣಿತಜ್ಞ ಪ್ವಾಸಾನ್ ೧೮೩೭ರಲ್ಲಿ ವಿರಳ ಘಟನೆಗಳನ್ನು ಕುರಿತ ಒಂದು ಸೂತ್ರವನ್ನು ಪ್ರಕಟಿಸಿದನು. ಒಂದು ಘಟನೆ ಸಂಭವಿಸಲು ಅವಕಾಶಗಳು ಬಹಳವಾಗಿದ್ದು, ಪ್ರತಿಯೊಂದು ಅವಕಾಶದಲ್ಲಿಯೂ ಅದು ನಡೆಯುವ ಸಂಭವ ಅತ್ಯಲ್ಪವಾಗಿದ್ದರೆ, ಗೊತ್ತಾದ ಅವಧಿಯಲ್ಲಿ ಅದು ಎಷ್ಟು ಸಲ ನಡೆದೀತು ಎಂಬುದನ್ನು ಆ ಸೂತ್ರ ತಿಳಿಸುತ್ತದೆ. ಅದಕ್ಕೆ ಬೇಕಾದುದು ಒಂದೇ ಒಂದು ಸಂಖ್ಯೆ, ಅದೇ ಸರಾಸರಿ.

ಈ ಸೂತ್ರಕ್ಕೆ ಪ್ರಸಿದ್ಧವಾದ ಉದಾಹರಣೆಯನ್ನು ೧೮೯೮ರಲ್ಲಿ ಬೋರ್ಟ್‌ಕೀವಿಚ್ ಎಂಬ ವಿದ್ವಾಂಸನು ಕೊಟ್ಟನು. ಪ್ರಷ್ಯದ ಸೇನೆಯಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕ ಅದು. ೧೦ ದಳಗಳ ೨೦ ವರ್ಷಗಳ ದಾಖಲೆಯನ್ನು, ಎಂದರೆ ೨೦೦ ದಳ-ವರ್ಷಗಳನ್ನು ತೆಗೆದುಕೊಂಡರೆ ಒಟ್ಟು ೧೨೨ ಸಾವುಗಳು, ಸರಾಸರಿ ೦.೬೧. ಒಂದೂ ಸಾವಿಲ್ಲದ ವರ್ಷಗಳು ೧೦೯, ಒಂದು ಸಾವಿನವು ೬೫, ಎರಡರವು ೨೨, ಮೂರರವು ೩, ನಾಲ್ಕರದು ೧. ಪ್ವಾಸಾನನ ಸೂತ್ರದಂತೆ ಲೆಕ್ಕ ಹಾಕಿದರೆ ಬರುವ ಸಂಖ್ಯೆಗಳು ಕ್ರಮವಾಗಿ ೧೦೯, ೬೬, ೨೦, ೪ ಮತ್ತು ೧. ನಾಲ್ವರು ಸತ್ತ ದಳದ ಅಧಿಕಾರಿಯನ್ನು ಅಜಾಗರೂಕನೆಂದು ದಂಡಿಸಬೇಕಾಗಿರಲಿಲ್ಲ. ಆಕಸ್ಮಿಕವೊಂದೇ ಅಷ್ಟು ವ್ಯತ್ಯಾಸವನ್ನು ಉಂಟುಮಾಡಬಲ್ಲುದು.

ಕಾಲ್ಚೆಂಡಾಟದಲ್ಲಿ ಗೋಲೂ ಇಂಥ ವಿರಳ ಘಟನೆಯೇ. ತೊಂಬತ್ತು ನಿಮಿಷಗಳಲ್ಲಿ ನೂರಾರು ಸಲ ಚೆಂಡು ಕಾಲಿನಿಂದ ಕಾಲಿಗೆ ಹೋಗುತ್ತದೆ. ಗೋಲುಗಳೋ ಎರಡು ಮೂರು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ೨೦೧೫-೧೬ರ ಋತುವಿನಲ್ಲಿ ೩೮೦ ಪಂದ್ಯಗಳಲ್ಲಿ ಬಿದ್ದ ಗೋಲುಗಳು ೧,೦೨೬; ಪಂದ್ಯಕ್ಕೆ ಸರಾಸರಿ ೨.೭. ಕಾಲ್ಚೆಂಡಿನ ಗೋಲುಗಳಿಗೆ ಪ್ವಾಸಾನನ ಸೂತ್ರ ಬಹುಮಟ್ಟಿಗೆ ಹೊಂದುವುದೆಂದು ಮೊರೋನಿ ಎಂಬ ಲೇಖಕನು ೧೯೫೦ರ ದಶಕದಲ್ಲಿಯೇ ತೋರಿಸಿದ್ದನು. ೧೯೮೨ರಲ್ಲಿ ಮಾಹರ್ ಎಂಬ ಸಂಖ್ಯಾಶಾಸ್ತ್ರಜ್ಞನು ಪ್ರತಿಯೊಂದು ತಂಡಕ್ಕೂ ಆಕ್ರಮಣದ ಬಲವೆಂದೂ ರಕ್ಷಣೆಯ ಬಲವೆಂದೂ ಎರಡು ಸಂಖ್ಯೆಗಳನ್ನು ಕೊಟ್ಟು ಈ ಲೆಕ್ಕವನ್ನು ಬೆಳೆಸಿದನು. ೧೯೯೭ರಲ್ಲಿ ಡಿಕ್ಸನ್ ಮತ್ತು ಕೋಲ್ಸ್ ಎಂಬವರು ಅದನ್ನು ಇನ್ನಷ್ಟು ತಿದ್ದಿದರು.

ಈಗ ಒಂದು ಲೆಕ್ಕವನ್ನು ನಾವೇ ಮಾಡಿ ನೋಡೋಣ. ಒಂದು ತಂಡ ಬಲಿಷ್ಠವಾದದ್ದು. ಎದುರಾಳಿಯ ಮೇಲೆ ಸರಾಸರಿ ೨ ಗೋಲು ಹೊಡೆಯಬಲ್ಲುದು. ಎದುರಾಳಿ ದುರ್ಬಲ, ಅದರ ಸರಾಸರಿ ೧. ಒಂದರ ಬಲ ಇನ್ನೊಂದರ ಇಮ್ಮಡಿ. ಇವೆರಡೂ ನೂರು ಸಲ ಎದುರಾದರೆ ಏನಾಗುವುದು? ಪ್ವಾಸಾನನ ಸೂತ್ರದಂತೆ ಬಲಿಷ್ಠ ತಂಡ ಸುಮಾರು ೬೧ ಸಲ ಗೆಲ್ಲುತ್ತದೆ. ೨೧ ಸಲ ಪಂದ್ಯ ಸಮವಾಗುತ್ತದೆ. ಉಳಿದ ೧೮ ಸಲ ದುರ್ಬಲ ತಂಡವೇ ಗೆಲ್ಲುತ್ತದೆ. ಇಮ್ಮಡಿ ಬಲವಿದ್ದರೂ ನೂರಕ್ಕೆ ಮೂವತ್ತೊಂಬತ್ತು ಸಲ ಗೆಲವು ಕೈತಪ್ಪುತ್ತದೆ!

ಇದೇ ಇಮ್ಮಡಿ ಬಲದ ತಂಡಗಳು ಹೆಚ್ಚು ಗೋಲುಗಳು ಬೀಳುವ ಬೇರೊಂದು ಆಟವನ್ನು ಆಡುತ್ತವೆ, ಒಂದರ ಸರಾಸರಿ ೨೦, ಇನ್ನೊಂದರದು ೧೦ ಎಂದು ಭಾವಿಸಿ. ಆಗ ದುರ್ಬಲ ತಂಡ ಗೆಲ್ಲುವುದು ನೂರಕ್ಕೆ ಮೂರು ಸಲಕ್ಕಿಂತಲೂ ಕಡಿಮೆ. ಗೋಲುಗಳು ಹೆಚ್ಚಿದಂತೆ ಆಕಸ್ಮಿಕಗಳು ಒಂದನ್ನೊಂದು ಅಳಿಸಿಹಾಕುತ್ತವೆ; ಕೌಶಲ ಮೇಲಕ್ಕೆ ತೇಲುತ್ತದೆ. ಕಾಲ್ಚೆಂಡಿನಲ್ಲಿ ಗೋಲು ವಿರಳವಾದುದರಿಂದಲೇ ಅದೃಷ್ಟಕ್ಕೆ ಅಷ್ಟೊಂದು ಎಡೆ ಉಂಟು. ಬಡವನ ತಂಡದ ಅಭಿಮಾನಿಯೂ ಪ್ರತಿ ಶನಿವಾರ ಆಸೆ ಇಟ್ಟುಕೊಂಡು ಮೈದಾನಕ್ಕೆ ಹೋಗುವುದು ಈ ಕಾರಣದಿಂದಲೇ.

ಇಪ್ಪತ್ತು ಸರಿಸಮ ತಂಡಗಳು

"ಒಂದು ಪಂದ್ಯದ ಮಾತು ಬಿಡಿ, ಒಂದು ಋತುವಿನಲ್ಲಿ ಪ್ರತಿ ತಂಡವೂ ೩೮ ಪಂದ್ಯಗಳನ್ನು ಆಡುತ್ತದೆ, ಅಷ್ಟರಲ್ಲಿ ಅದೃಷ್ಟವೆಲ್ಲ ಸರಿತೂಗುತ್ತದೆ" ಎಂದು ಅಭಿಮಾನಿಗಳು ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜ?

ಇಪ್ಪತ್ತು ತಂಡಗಳು ಎಲ್ಲ ವಿಧದಲ್ಲಿಯೂ ಸರಿಸಮವಾಗಿವೆ ಎಂದು ಕಲ್ಪಿಸಿಕೊಳ್ಳೋಣ. ಪ್ರತಿ ಪಂದ್ಯದಲ್ಲಿಯೂ ಗೆಲ್ಲುವ ಸಂಭವ ಎಂಟರಲ್ಲಿ ಮೂರು, ಸೋಲುವ ಸಂಭವ ಎಂಟರಲ್ಲಿ ಮೂರು, ಸಮವಾಗುವ ಸಂಭವ ಎಂಟರಲ್ಲಿ ಎರಡು. ಗೆಲವಿಗೆ ೩ ಅಂಕ, ಸಮಕ್ಕೆ ೧, ಸೋಲಿಗೆ ಸೊನ್ನೆ. ಆಗ ೩೮ ಪಂದ್ಯಗಳಲ್ಲಿ ಒಂದು ತಂಡಕ್ಕೆ ನಿರೀಕ್ಷಿಸಬಹುದಾದ ಅಂಕಗಳು ಸುಮಾರು ೫೨. ಆದರೆ ಎಲ್ಲ ತಂಡಗಳಿಗೂ ೫೨ ಬರುವುದಿಲ್ಲ. ಆಕಸ್ಮಿಕದಿಂದ ಉಂಟಾಗುವ ಏರಿಳಿತವನ್ನು ಸಂಖ್ಯಾಶಾಸ್ತ್ರಜ್ಞರು ಮಾನಕ ವಿಚಲನೆ ಎಂಬ ಅಳತೆಯಿಂದ ಹೇಳುತ್ತಾರೆ. ಇಲ್ಲಿ ಅದು ಸುಮಾರು ೮ ಅಂಕಗಳು. ಎಂದರೆ ಮೂರರಲ್ಲಿ ಎರಡು ಪಾಲು ತಂಡಗಳು ೪೪ಕ್ಕೂ ೬೦ಕ್ಕೂ ನಡುವೆ ನಿಲ್ಲುತ್ತವೆ. ಉಳಿದವು ಅದರಾಚೆ ಹೋಗುತ್ತವೆ. ಇಪ್ಪತ್ತರಲ್ಲಿ ಎಲ್ಲಕ್ಕಿಂತ ಮೇಲಿನದಕ್ಕೆ ಸುಮಾರು ೬೭ ಅಂಕಗಳೂ ಎಲ್ಲಕ್ಕಿಂತ ಕೆಳಗಿನದಕ್ಕೆ ಸುಮಾರು ೩೭ ಅಂಕಗಳೂ ಬರುತ್ತವೆ.

ಇದರ ಅರ್ಥವನ್ನು ಚೆನ್ನಾಗಿ ಯೋಚಿಸಿ ನೋಡಬೇಕು. ತಂಡಗಳೆಲ್ಲವೂ ಒಂದೇ ಎರಕದಲ್ಲಿ ಹೊಯ್ದ ಗೊಂಬೆಗಳಂತಿದ್ದರೂ ಒಂದು ತಂಡ ಚಾಂಪಿಯನ್ ಆಗುತ್ತದೆ, ಮೂರು ತಂಡಗಳು ಕೆಳಗಿಳಿಯುತ್ತವೆ. ಮೊದಲನೆಯದರ ತರಬೇತುದಾರನನ್ನು ಮೇಧಾವಿಯೆಂದು ಹೊಗಳುತ್ತಾರೆ, ಕೊನೆಯದರವನನ್ನು ಕೆಲಸದಿಂದ ತೆಗೆಯುತ್ತಾರೆ. ಅವರಿಬ್ಬರ ನಡುವಣ ೩೦ ಅಂಕಗಳ ಕಂದಕವನ್ನು ತೋಡಿದುದು ಕೇವಲ ಆಕಸ್ಮಿಕ.

ನಿಜವಾದ ಲೀಗಿನಲ್ಲಿ ತಂಡಗಳು ಸರಿಸಮವಲ್ಲ. ೨೦೧೭-೧೮ರಲ್ಲಿ ಮ್ಯಾಂಚೆಸ್ಟರ್ ಸಿಟಿ ೧೦೦ ಅಂಕಗಳನ್ನು ಗಳಿಸಿತು. ಕೊನೆಯಲ್ಲಿದ್ದ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ೩೧ ಮಾತ್ರ ಗಳಿಸಿತು. ೬೯ ಅಂಕಗಳ ಈ ಅಂತರವನ್ನು ಅದೃಷ್ಟವೊಂದೇ ಉಂಟುಮಾಡಲಾರದು. ಕೌಶಲದ ಪಾಲು ಅದರಲ್ಲಿ ದೊಡ್ಡದು. ಆದರೆ ಲೀಡ್ಸಿನ ಒಂದು ಅಂಕದ ಮಾತೇನು? ಎಂಟು ಅಂಕಗಳಷ್ಟು ತಾನಾಗಿಯೇ ತೂಗಾಡುವ ತಕ್ಕಡಿಯಲ್ಲಿ ಒಂದು ಅಂಕದ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ. ಅಂಥ ತಕ್ಕಡಿಯ ಮೇಲೆ ಭರವಸೆಯಿಟ್ಟು ಆರು ಕೋಟಿ ಪೌಂಡು ಸಾಲ ಮಾಡಿದುದೇ ನಿಜವಾದ ಅವಿವೇಕ.

ಲೆಸ್ಟರಿನ ಪವಾಡ

೨೦೧೫ರ ಬೇಸಗೆಯಲ್ಲಿ ಲೆಸ್ಟರ್ ಸಿಟಿ ಚಾಂಪಿಯನ್ ಆಗುವುದೆಂದು ನುಡಿದವರು ವಿರಳ. ಹಿಂದಿನ ಋತುವಿನಲ್ಲಿ ಅದು ೪೧ ಅಂಕಗಳೊಡನೆ ೧೪ನೆಯ ಸ್ಥಾನದಲ್ಲಿತ್ತು. ಬಾಜಿ ಕಟ್ಟಿಸಿಕೊಳ್ಳುವವರು ಅದರ ಮೇಲೆ ಒಂದಕ್ಕೆ ಐದು ಸಾವಿರ ಕೊಡುವುದಾಗಿ ಸಾರಿದ್ದರು. ಎಂದರೆ ಐದು ಸಾವಿರ ಋತುಗಳಲ್ಲಿ ಒಮ್ಮೆ ಆಗಬಹುದಾದ ಸಂಗತಿಯೆಂಬ ಭಾವನೆ. ೨೦೧೬ರ ಮೇ ತಿಂಗಳಲ್ಲಿ ಅದೇ ಲೆಸ್ಟರ್ ಸಿಟಿ ೩೮ ಪಂದ್ಯಗಳಲ್ಲಿ ಮೂರನ್ನು ಮಾತ್ರ ಸೋತು ೮೧ ಅಂಕಗಳೊಡನೆ ಚಾಂಪಿಯನ್ ಆಯಿತು. ಅದಕ್ಕೆ ಹಿಂದಿನ ವರ್ಷದ ಚಾಂಪಿಯನ್ ಚೆಲ್ಸಿ ೮೭ ಅಂಕಗಳಿಂದ ೫೦ಕ್ಕೆ ಕುಸಿದು ೧೦ನೆಯದಾಯಿತು.

ಐದು ಸಾವಿರಕ್ಕೆ ಒಂದು ಎಂಬ ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಪ್ರೀಮಿಯರ್ ಲೀಗು ಮೊದಲಾದುದು ೧೯೯೨ರಲ್ಲಿ. ೨೦೧೫ರ ಹೊತ್ತಿಗೆ ಕಳೆದಿದ್ದುದು ೨೩ ಋತುಗಳು. ಇಪ್ಪತ್ತಮೂರು ಅನುಭವಗಳಿಂದ ಐದು ಸಾವಿರದಲ್ಲಿ ಒಂದು ಎಂಬಂಥ ಅಲ್ಪ ಸಂಭವವನ್ನು ಅಳೆಯುವುದು, ಮೊಳಕೋಲಿನಿಂದ ಕೂದಲೆಳೆಯ ದಪ್ಪವನ್ನು ಅಳೆದಂತೆ. ಅತ್ಯಲ್ಪ ಸಂಭವಗಳ ಬಗೆಗೆ ಯಾರಾದರೂ ನಿಖರವಾದ ಸಂಖ್ಯೆಯನ್ನು ಹೇಳಿದಾಗ ನಾವು ಎಚ್ಚರದಿಂದಿರಬೇಕು.

ಮುಂದಿನ ಋತುವನ್ನು ಕುರಿತು ಆಗ ಏನು ಹೇಳಬಹುದಾಗಿತ್ತು? ೨೦೧೫-೧೬ರ ಇಪ್ಪತ್ತು ತಂಡಗಳ ಅಂಕಗಳನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ ಸರಾಸರಿ ಸುಮಾರು ೫೨, ಮಾನಕ ವಿಚಲನೆ ೧೫. ಅದೃಷ್ಟದಿಂದಾಗುವ ವಿಚಲನೆ ಸುಮಾರು ೮ ಎಂದು ಆಗಲೇ ಕಂಡೆವು. ಇಂಥ ವಿಚಲನೆಗಳನ್ನು ಹೋಲಿಸಬೇಕಾದರೆ ಅವುಗಳ ವರ್ಗಗಳನ್ನು ತೆಗೆದುಕೊಳ್ಳಬೇಕೆಂಬುದು ನಿಯಮ. ೧೫ರ ವರ್ಗ ೨೨೫; ೮ರ ವರ್ಗ ೬೪. ಆದುದರಿಂದ ಆ ಋತುವಿನ ಏರುಪೇರಿನಲ್ಲಿ ನೂರಕ್ಕೆ ಸುಮಾರು ೨೮ ಪಾಲು ಅದೃಷ್ಟದ್ದು, ೭೨ ಪಾಲು ಕೌಶಲದ್ದು. ಲೆಸ್ಟರ್ ಸರಾಸರಿಗಿಂತ ೨೯ ಅಂಕ ಮೇಲಿತ್ತು. ಅದರಲ್ಲಿ ೭೨ ಪಾಲು, ಎಂದರೆ ಸುಮಾರು ೨೧ ಅಂಕಗಳು, ಮುಂದಿನ ವರ್ಷವೂ ಉಳಿಯಬಹುದೆಂದು ನಿರೀಕ್ಷಿಸಬೇಕು. ತಂಡದಲ್ಲಿ ಏನೊಂದು ಬದಲಾವಣೆಯೂ ಆಗದಿದ್ದರೂ ಮುಂದಿನ ಸಲ ಬರಬೇಕಾದುದು ೭೩ರ ಸುತ್ತಮುತ್ತ, ೮೧ ಅಲ್ಲ. ಅದಕ್ಕೂ ಹಿಂದಿನ ವರ್ಷದ ೪೧ ಅಂಕಗಳನ್ನು ಗಣನೆಗೆ ತಂದುಕೊಂಡರೆ ನಿರೀಕ್ಷೆಯನ್ನು ಇನ್ನೂ ಇಳಿಸಬೇಕಾಗುತ್ತದೆ.

ಇದಕ್ಕೆ ಸರಾಸರಿಯತ್ತ ಹಿಂಜರಿತ ಎಂದು ಹೆಸರು. ೧೮೮೬ರಲ್ಲಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿಗಳ ಎತ್ತರವನ್ನೂ ಮಕ್ಕಳ ಎತ್ತರವನ್ನೂ ಹೋಲಿಸಿ ಇದನ್ನು ವಿವರಿಸಿದನು. ಬಹಳ ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರವಾಗಿಯೇ ಇರುತ್ತಾರೆ. ಆದರೆ ಸರಾಸರಿಯಾಗಿ ತಂದೆತಾಯಿಗಳಷ್ಟು ಎತ್ತರವಿರುವುದಿಲ್ಲ. ಅತಿಶಯವಾದ ಫಲಿತಾಂಶದ ಹಿಂದೆ ಯೋಗ್ಯತೆಯೊಂದಿಗೆ ಅನುಕೂಲವಾದ ಆಕಸ್ಮಿಕಗಳೂ ಕೂಡಿರುತ್ತವೆ. ಯೋಗ್ಯತೆ ಉಳಿಯುತ್ತದೆ, ಆಕಸ್ಮಿಕ ಉಳಿಯುವುದಿಲ್ಲ.

ಲೆಸ್ಟರಿಗೆ ೨೦೧೬-೧೭ರಲ್ಲಿ ಬಂದುದು ೪೪ ಅಂಕಗಳು, ೧೨ನೆಯ ಸ್ಥಾನ. ಹಿಂಜರಿತದೊಂದಿಗೆ ಬೇರೆ ಕಾರಣಗಳೂ ಸೇರಿದವು: ಮಧ್ಯಪಂಕ್ತಿಯ ಕಾಂಟೆ ತಂಡವನ್ನು ಬಿಟ್ಟಿದ್ದನು, ಯೂರೋಪಿನ ಪಂದ್ಯಗಳ ಆಯಾಸವೂ ಇತ್ತು. ಚಾಂಪಿಯನ್ ಪಟ್ಟ ತಂದುಕೊಟ್ಟ ತರಬೇತುದಾರ ರಾನಿಯೇರಿಯನ್ನು ಒಂಬತ್ತೇ ತಿಂಗಳಲ್ಲಿ, ೨೦೧೭ರ ಫೆಬ್ರವರಿಯಲ್ಲಿ, ತೆಗೆದುಹಾಕಿದರು. ಅನಂತರ ತಂಡ ಕೆಲವು ಪಂದ್ಯಗಳನ್ನು ಗೆದ್ದಿತು. ತೆಗೆದುದೇ ಸರಿಯೆಂದು ಹಲವರು ಅಂದರು. ಈ ತರ್ಕದಲ್ಲಿ ಒಂದು ಬಿರುಕು ಉಂಟು. ತರಬೇತುದಾರರನ್ನು ತೆಗೆಯುವುದು ಸಾಮಾನ್ಯವಾಗಿ ತಂಡ ತನ್ನ ಯೋಗ್ಯತೆಗಿಂತಲೂ ಕೆಳಕ್ಕೆ ಬಿದ್ದಾಗ. ಆ ಸ್ಥಿತಿಯಿಂದ ಮೇಲಕ್ಕೆ ಬರುವುದು ಸಹಜವಾಗಿಯೇ ಆಗಬೇಕಾದುದು. ನೆದರ್ಲೆಂಡ್ಸಿನ ಬಾಸ್ ಟೆರ್ ವೇಲ್ ಎಂಬ ಅರ್ಥಶಾಸ್ತ್ರಜ್ಞನು ತನ್ನ ದೇಶದ ೧೯೮೬ರಿಂದ ೨೦೦೪ರವರೆಗಿನ ಪಂದ್ಯಗಳನ್ನು ಪರಿಶೀಲಿಸಿ ೨೦೧೧ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದನು. ಕುಸಿದು ತರಬೇತುದಾರನನ್ನು ಬದಲಿಸಿದ ತಂಡಗಳೂ, ಅಷ್ಟೇ ಕುಸಿದು ಬದಲಿಸದೆ ಉಳಿದ ತಂಡಗಳೂ ಹೆಚ್ಚುಕಡಮೆ ಒಂದೇ ರೀತಿಯಲ್ಲಿ ಚೇತರಿಸಿಕೊಂಡಿದ್ದವು. ಜ್ವರ ತಾನಾಗಿ ಇಳಿಯುವ ಹೊತ್ತಿಗೆ ಮದ್ದು ಕೊಟ್ಟ ವೈದ್ಯನಿಗೆ ಕೀರ್ತಿ ಬಂದಂತೆ ಹೊಸ ತರಬೇತುದಾರನಿಗೂ ಕೀರ್ತಿ ಬರುತ್ತದೆ.

ಆಟಗಾರರ ಮಾರುಕಟ್ಟೆ

ಈಗ ಆಟಗಾರರ ವರ್ಗಾವಣೆಯ ವಿಷಯಕ್ಕೆ ಬರೋಣ. ೧೯೦೫ರಲ್ಲಿ ಆಲ್ಫ್ ಕಾಮನ್ ಎಂಬವನು ಸಂಡರ್ಲೆಂಡಿನಿಂದ ಮಿಡಲ್ಸ್‌ಬರೊ ತಂಡಕ್ಕೆ ೧,೦೦೦ ಪೌಂಡಿಗೆ ಹೋದಾಗ ಅದೊಂದು ದೊಡ್ಡ ಸುದ್ದಿಯಾಗಿತ್ತು. ೧೯೭೯ರಲ್ಲಿ ಟ್ರೆವರ್ ಫ್ರಾನ್ಸಿಸನ ಬೆಲೆ ಹತ್ತು ಲಕ್ಷ ಪೌಂಡಿಗೆ ಏರಿತು. ೨೦೧೭ರಲ್ಲಿ ನೇಮಾರನನ್ನು ಬಾರ್ಸಿಲೋನದಿಂದ ಕರೆದುಕೊಳ್ಳಲು ಪ್ಯಾರಿಸಿನ ತಂಡ ೨೨ ಕೋಟಿ ೨೦ ಲಕ್ಷ ಯೂರೋ ತೆತ್ತಿತು. ಇಷ್ಟು ಹಣ ಸುರಿದರೆ ಗೆಲವು ಬರುವುದೇ?

ಸ್ಟೆಫಾನ್ ಷಿಮಾನ್‌ಸ್ಕಿ ಎಂಬ ಅರ್ಥಶಾಸ್ತ್ರಜ್ಞನು ಇಂಗ್ಲೆಂಡಿನ ೪೦ ತಂಡಗಳ ೧೯೭೮ರಿಂದ ೧೯೯೭ರವರೆಗಿನ ಲೆಕ್ಕಪತ್ರಗಳನ್ನು ಪರಿಶೀಲಿಸಿದನು. ವರ್ಗಾವಣೆಗೆ ಮಾಡಿದ ವೆಚ್ಚದಿಂದ ತಂಡಗಳ ಸ್ಥಾನಗಳ ವ್ಯತ್ಯಾಸದಲ್ಲಿ ನೂರಕ್ಕೆ ೧೬ ಪಾಲನ್ನು ಮಾತ್ರ ವಿವರಿಸಬಹುದಾಗಿತ್ತು. ಆಟಗಾರರಿಗೆ ಕೊಟ್ಟ ಸಂಬಳದಿಂದಾದರೋ ೯೨ ಪಾಲನ್ನು. ಸಂಬಳವೆಂಬುದು ಆಟಗಾರನ ಯೋಗ್ಯತೆಯನ್ನು ವರ್ಷಗಟ್ಟಲೆ ಒರೆಗೆ ಹಚ್ಚಿ ನಿರ್ಣಯವಾದ ಬೆಲೆ. ವರ್ಗಾವಣೆಯ ಹಣವೋ ಅನೇಕ ವೇಳೆ ಒಂದು ಋತುವಿನ ಬೆರಗಿಗೆ ಕಟ್ಟಿದ ಬೆಲೆ.

ಬೆರಗಿನ ಬೆಲೆ ಹೇಗೆ ಏರುತ್ತದೆಂಬುದನ್ನು ನೋಡಿ. ಋತುವಿಗೆ ಸರಾಸರಿ ೧೨ ಗೋಲು ಹೊಡೆಯುವಷ್ಟು ಯೋಗ್ಯತೆಯುಳ್ಳ ನೂರು ಮಂದಿ ಮುಂಪಂಕ್ತಿಯ ಆಟಗಾರರಿದ್ದಾರೆ ಎಂದುಕೊಳ್ಳಿ. ಪ್ವಾಸಾನನ ಸೂತ್ರದಂತೆ ಅವರಲ್ಲಿ ಸುಮಾರು ಆರು ಮಂದಿ ಒಂದು ವರ್ಷದಲ್ಲಿ ೧೮ ಅಥವಾ ಅದಕ್ಕಿಂತ ಹೆಚ್ಚು ಗೋಲುಗಳನ್ನು ಹೊಡೆಯುತ್ತಾರೆ. ಪತ್ರಿಕೆಗಳಲ್ಲಿ ಹೆಸರು ಬರುವುದು ಈ ಆರು ಮಂದಿಯದು. ಅಭಿಮಾನಿಗಳು ಬೇಡುವುದೂ ಇವರನ್ನೇ. ಮುಂದಿನ ವರ್ಷ ಇವರ ಸರಾಸರಿ ಮತ್ತೆ ೧೨. "ಹಣ ಬಂದ ಮೇಲೆ ಸೋಮಾರಿಯಾದ" ಎಂಬ ದೂಷಣೆ ಆಟಗಾರನ ಪಾಲಿಗೆ. ನಿಜವಾಗಿ ಅವನು ಬದಲಾಗಿಯೇ ಇರುವುದಿಲ್ಲ.

ಇದರ ಜೊತೆಗೆ ಇನ್ನೊಂದು ಬಲೆಯುಂಟು. ೧೯೭೧ರಲ್ಲಿ ಕೇಪನ್, ಕ್ಲಾಪ್, ಕ್ಯಾಂಪ್‌ಬೆಲ್ ಎಂಬ ಮೂವರು ಇಂಜಿನಿಯರರು ಸಮುದ್ರದಡಿಯ ಎಣ್ಣೆನಿಕ್ಷೇಪಗಳ ಹರಾಜನ್ನು ಕುರಿತು ಬರೆದರು. ನೆಲದಡಿಯ ಎಣ್ಣೆ ಎಷ್ಟೆಂಬುದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಅಂದಾಜು ಮಾಡುತ್ತಾರೆ. ಹರಾಜಿನಲ್ಲಿ ಗೆಲ್ಲುವವನು ಯಾರು? ಎಲ್ಲರಿಗಿಂತ ಹೆಚ್ಚಾಗಿ ಅಂದಾಜು ಮಾಡಿದವನು, ಎಂದರೆ ಬಹುಶಃ ಎಲ್ಲರಿಗಿಂತ ಹೆಚ್ಚಾಗಿ ತಪ್ಪಿದವನು. ಇದನ್ನು ಗೆದ್ದವನ ಶಾಪ ಎನ್ನುತ್ತಾರೆ. ಐದಾರು ತಂಡಗಳು ಒಬ್ಬನೇ ಆಟಗಾರನಿಗಾಗಿ ಪೈಪೋಟಿ ನಡೆಸಿದಾಗಲೂ ಇದೇ ಶಾಪ ಗೆದ್ದ ತಂಡವನ್ನು ಕಾಡುತ್ತದೆ.

ಹಾಗೆಂದು ಆಟಗಾರನನ್ನು ಆರಿಸುವುದರಲ್ಲಿ ಜಾಣತನಕ್ಕೆ ಎಡೆಯಿಲ್ಲವೆಂದಲ್ಲ. ಲೆಸ್ಟರಿನ ವಾರ್ಡಿ ೨೦೧೨ರಲ್ಲಿ ಫ್ಲೀಟ್‌ವುಡ್ ಟೌನ್ ಎಂಬ ಸಣ್ಣ ತಂಡದಿಂದ ಬಂದವನು; ಮಾಹ್ರೆಜ್ ೨೦೧೪ರಲ್ಲಿ ಫ್ರಾನ್ಸಿನ ಎರಡನೆಯ ದರ್ಜೆಯ ಲ ಆವ್ರ್ ತಂಡದಿಂದ ಅಲ್ಪ ಬೆಲೆಗೆ ಬಂದವನು. ಚಾಂಪಿಯನ್ ಆದ ಋತುವಿನಲ್ಲಿ ಮೊದಲನೆಯವನು ೨೪, ಎರಡನೆಯವನು ೧೭ ಗೋಲುಗಳನ್ನು ಹೊಡೆದರು. ಕಾಂಟೆ ೨೦೧೬ರಲ್ಲಿ ಚೆಲ್ಸಿಗೆ ಹೋದನು. ಮುಂದಿನ ಋತುವಿನಲ್ಲಿ ಚೆಲ್ಸಿ ೯೩ ಅಂಕಗಳೊಡನೆ ಚಾಂಪಿಯನ್ ಆಯಿತು. ಇತರರು ಕಡೆಗಣಿಸಿದ ಯೋಗ್ಯತೆಯನ್ನು ಕಂಡುಹಿಡಿಯುವುದೇ ಲಾಭದ ದಾರಿ. ಎಲ್ಲರೂ ಕಂಡುದನ್ನು ಎಲ್ಲರಿಗಿಂತ ಹೆಚ್ಚು ಬೆಲೆಗೆ ಕೊಳ್ಳುವುದಲ್ಲ.

ಎಣಿಕೆಯೂ ದಾರಿ ತಪ್ಪಿಸೀತು

ಇದನ್ನೆಲ್ಲ ಓದಿದ ಮೇಲೆ ಅಂಕಿಸಂಖ್ಯೆಗಳನ್ನು ಕೂಡಿಹಾಕಿದರೆ ಸಾಕು, ಸತ್ಯ ಹೊರಬರುತ್ತದೆ ಎಂದು ತೋರಬಹುದು. ಅದೂ ಸರಿಯಲ್ಲ. ಚಾರ್ಲ್ಸ್ ರೀಪ್ ಎಂಬ ವಾಯುಸೇನೆಯ ಲೆಕ್ಕಾಧಿಕಾರಿ ೧೯೫೦ರ ಮಾರ್ಚ್ ೧೮ರಂದು ಸ್ವಿಂಡನ್ ಪಟ್ಟಣದ ಪಂದ್ಯವೊಂದರಲ್ಲಿ ಚೆಂಡಿನ ಚಲನೆಗಳನ್ನು ಪುಸ್ತಕದಲ್ಲಿ ಗುರುತು ಹಾಕತೊಡಗಿದನು. ಮುಂದೆ ದಶಕಗಳವರೆಗೆ ನೂರಾರು ಪಂದ್ಯಗಳನ್ನು ಹೀಗೆ ದಾಖಲಿಸಿದನು. ೧೯೬೮ರಲ್ಲಿ ಬೆಂಜಮಿನ್ ಎಂಬ ಸಂಖ್ಯಾಶಾಸ್ತ್ರಜ್ಞನೊಡನೆ ಕೂಡಿ ಕಾಲ್ಚೆಂಡಾಟದಲ್ಲಿ ಕೌಶಲವನ್ನೂ ಆಕಸ್ಮಿಕವನ್ನೂ ಕುರಿತ ಪ್ರಬಂಧವನ್ನು ಪ್ರಕಟಿಸಿದನು. ಆಟದಲ್ಲಿ ಆಕಸ್ಮಿಕದ ಪಾತ್ರ ಬಹು ದೊಡ್ಡದೆಂಬ ಅದರ ಮುಖ್ಯ ಮಾತು ಇಂದಿಗೂ ನಿಂತಿದೆ.

ಆದರೆ ರೀಪ್ ಇನ್ನೊಂದು ಮಾತನ್ನೂ ಹೇಳುತ್ತಿದ್ದನು. ನೂರಕ್ಕೆ ಸುಮಾರು ೮೦ ಗೋಲುಗಳು ಚೆಂಡು ಮೂರು ಅಥವಾ ಅದಕ್ಕಿಂತ ಕಡಮೆ ಸಲ ಕೈಬದಲಾದ ದಾಳಿಗಳಿಂದ ಬಂದಿವೆ. ಆದುದರಿಂದ ಚೆಂಡನ್ನು ದೂರ ಒದೆದು ನೇರವಾಗಿ ಮುನ್ನುಗ್ಗುವುದೇ ಒಳ್ಳೆಯದು ಎಂದು. ಕೇಳಲು ಇದು ಸರಿಯೆನಿಸುತ್ತದೆ. ಆದರೆ ಒಟ್ಟು ದಾಳಿಗಳಲ್ಲಿ ಹೀಗೆ ಚಿಕ್ಕದಾಗಿ ಮುಗಿಯುವವು ಎಷ್ಟು ಎಂದು ಕೇಳಬೇಕು. ಅವನ ಎಣಿಕೆಯಲ್ಲಿಯೇ ಅವು ನೂರಕ್ಕೆ ೯೦ಕ್ಕೂ ಹೆಚ್ಚು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನ ದಾಳಿಗಳಿಂದ ಎಂಬತ್ತೇ ಗೋಲುಗಳು ಬಂದರೆ, ಉಳಿದ ಹತ್ತಕ್ಕಿಂತ ಕಡಮೆ ದಾಳಿಗಳಿಂದ ಇಪ್ಪತ್ತು ಗೋಲುಗಳು ಬಂದಂತಾಯಿತು. ದೀರ್ಘವಾಗಿ ಹೆಣೆದ ದಾಳಿಯೇ ಹೆಚ್ಚು ಫಲಕಾರಿ ಎಂದು ಅವನ ಸಂಖ್ಯೆಗಳೇ ಹೇಳುತ್ತಿದ್ದುವು. ಪಾಲನ್ನು ನೋಡಿ ಮೂಲಮೊತ್ತವನ್ನು ಮರೆತರೆ ಸತ್ಯವಾದ ಸಂಖ್ಯೆಗಳಿಂದಲೇ ಸುಳ್ಳಾದ ನಿರ್ಣಯ ಹೊರಡುತ್ತದೆ. ಈ ಮಾತು ಔಷಧಿಗೂ ಬೆಳೆಗೂ ಚುನಾವಣೆಗೂ ಸಮನಾಗಿ ಅನ್ವಯಿಸುತ್ತದೆ.

ಭವಿಷ್ಯವನ್ನು ತೂಗುವ ತಕ್ಕಡಿ

ಹಾಗಾದರೆ ಅಭಿಮಾನಿಗಳು ವಾದವನ್ನೇ ಬಿಡಬೇಕೆ? ಬೇಕಾಗಿಲ್ಲ, ಅದನ್ನು ಅಳತೆಗೆ ಒಳಪಡಿಸಿದರೆ ಸಾಕು. ೧೯೫೦ರಲ್ಲಿ ಅಮೆರಿಕದ ಗ್ಲೆನ್ ಬ್ರಯರ್ ಹವಾಮಾನದ ಮುನ್ಸೂಚನೆಗಳನ್ನು ಪರೀಕ್ಷಿಸಲು ಒಂದು ಕ್ರಮವನ್ನು ಸೂಚಿಸಿದನು. "ನಾಳೆ ಮಳೆ ಬರುತ್ತದೆ" ಎನ್ನುವುದರ ಬದಲು "ಮಳೆಯ ಸಂಭವ ನೂರಕ್ಕೆ ೬೦" ಎಂದು ಸಂಖ್ಯೆಯಲ್ಲಿ ಹೇಳಬೇಕು. ಮಳೆ ಬಂದರೆ ಫಲಿತಾಂಶ ೧, ಬಾರದಿದ್ದರೆ ೦. ಹೇಳಿದ ಸಂಭವಕ್ಕೂ ಫಲಿತಾಂಶಕ್ಕೂ ಇರುವ ಅಂತರದ ವರ್ಗವೇ ದಂಡ. ದಂಡ ಕಡಮೆಯಾದವನೇ ಒಳ್ಳೆಯ ಭವಿಷ್ಯಕಾರ.

ಹತ್ತರಲ್ಲಿ ಆರು ಸಲ ಗೆಲ್ಲುವ ತಂಡವನ್ನು ಕುರಿತು ಒಬ್ಬನು ಪ್ರತಿ ಸಲವೂ "ಗೆದ್ದೇ ಗೆಲ್ಲುತ್ತದೆ" ಎಂದು ಸಾರುತ್ತಾನೆ, ಇನ್ನೊಬ್ಬನು "ಸಂಭವ ೦.೬" ಎನ್ನುತ್ತಾನೆ. ಮೊದಲನೆಯವನ ಸರಾಸರಿ ದಂಡ ೦.೪೦, ಎರಡನೆಯವನದು ೦.೨೪. ಏನೂ ತಿಳಿಯದೆ ಪ್ರತಿ ಸಲವೂ ೦.೫ ಎಂದವನಿಗೂ ಬೀಳುವುದು ೦.೨೫ ಮಾತ್ರ. ಖಂಡಿತವಾಗಿ ನುಡಿಯುವವನು ಏನೂ ಅರಿಯದವನಿಗಿಂತಲೂ ಹಿಂದೆ ಬಿದ್ದನು! ಧ್ವನಿಯ ಏರಿಗೂ ಜ್ಞಾನದ ಆಳಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಾಗಿಲ್ಲ. ಒಮ್ಮೆ ಸರಿಯಾಗಿ ನುಡಿದುದನ್ನೇ ಹೆಗ್ಗಳಿಕೆಯಾಗಿ ಹೇಳಿಕೊಳ್ಳುವವರನ್ನೂ ಇದರಿಂದ ಒರೆಗೆ ಹಚ್ಚಬಹುದು. ೧,೦೨೪ ಮಂದಿ ನಾಣ್ಯ ಚಿಮ್ಮಿ ಹತ್ತು ಪಂದ್ಯಗಳ ಸೋಲುಗೆಲವನ್ನು ಊಹಿಸಿದರೂ ಸರಾಸರಿಯಾಗಿ ಒಬ್ಬನು ಹತ್ತನ್ನೂ ಸರಿಯಾಗಿ ಹೇಳಿಯೇ ಹೇಳುತ್ತಾನೆ, ಅವನನ್ನು ಜ್ಞಾನಿಯೆನ್ನಲಾಗದು.

ಗುಂಪಿನ ವಾದಕ್ಕೂ ಒಂದು ಗುಣವುಂಟು. ೧೯೦೬ರಲ್ಲಿ ಪ್ಲಿಮತ್ ನಗರದ ಜಾತ್ರೆಯೊಂದರಲ್ಲಿ ಎತ್ತಿನ ಮಾಂಸದ ತೂಕವನ್ನು ಊಹಿಸುವ ಸ್ಪರ್ಧೆ ನಡೆದಿತ್ತು. ಗಾಲ್ಟನ್ ೭೮೭ ಚೀಟಿಗಳನ್ನು ಪರೀಕ್ಷಿಸಿದನು. ಊಹೆಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬಂ‌ದ ಊಹೆ ೧,೨೦೭ ಪೌಂಡು. ನಿಜವಾದ ತೂಕ ೧,೧೯೮ ಪೌಂಡು. ಒಬ್ಬನ ತಪ್ಪು ಮೇಲಕ್ಕೆ, ಇನ್ನೊಬ್ಬನದು ಕೆಳಕ್ಕೆ. ಕೂಡಿದಾಗ ತಪ್ಪುಗಳು ಕರಗಿದವು. ಆದರೆ ಇದಕ್ಕೊಂದು ಕಟ್ಟುಪಾಡುಂಟು: ಪ್ರತಿಯೊಬ್ಬನೂ ಸ್ವತಂತ್ರವಾಗಿ ಊಹಿಸಬೇಕು. ಗಟ್ಟಿಯಾಗಿ ಮಾತನಾಡುವ ಒಬ್ಬನ ಮಾತನ್ನು ಎಲ್ಲರೂ ಹಿಂಬಾಲಿಸಿದರೆ ನೂರು ಮಂದಿಯ ಅಭಿಪ್ರಾಯವೂ ಒಬ್ಬನ ಅಭಿಪ್ರಾಯವೇ ಆಗುತ್ತದೆ. ಆದುದರಿಂದ ಗೆಳೆಯರು ಕೂಡಿ ಮುಂದಿನ ಋತುವಿನ ಮಾತು ತೆಗೆಯುವಾಗ ಮೊದಲು ತಂತಮ್ಮ ಪಟ್ಟಿಯನ್ನು ಸಂಭವದ ಸಂಖ್ಯೆಗಳೊಡನೆ ಕಾಗದದಲ್ಲಿ ಬರೆದಿಡಲಿ. ವಾದ ಅನಂತರ ನಡೆಯಲಿ. ಮೇ ತಿಂಗಳಲ್ಲಿ ಕಾಗದವನ್ನು ಹೊರತೆಗೆದು ದಂಡವನ್ನು ಲೆಕ್ಕ ಹಾಕಲಿ.

ಹೀಗೆ ಮಾಡಿದವರಿಗೆ ಒಂದೆರಡು ವರ್ಷಗಳಲ್ಲಿಯೇ ತಮ್ಮ ತಿಳಿವಳಿಕೆಯ ಎಲ್ಲೆ ಗೋಚರವಾಗುವುದು. ಲೆಕ್ಕ ಎಷ್ಟೇ ಸೂಕ್ಷ್ಮವಾದರೂ ನೂರಕ್ಕೆ ಹದಿನೆಂಟು ಸಲ ದುರ್ಬಲನೇ ಗೆಲ್ಲುವನೆಂಬುದನ್ನು ಅದು ಅಳಿಸಲಾರದು. ಆ ಹದಿನೆಂಟು ಯಾವುವೆಂದು ಮೊದಲೇ ಹೇಳಲೂ ಆರದು. ವಿಜ್ಞಾನ ಕೊಡುವುದು ನಾಳೆಯ ಫಲಿತಾಂಶವನ್ನಲ್ಲ; ಯಾವುದನ್ನು ಎಷ್ಟು ನಂಬಬೇಕೆಂಬ ಅಳತೆಯನ್ನು. ಸೋತ ಆಟಗಾರನನ್ನು ದೂಷಿಸುವ ಮೊದಲು, ಗೆದ್ದವನಿಗೆ ಕೋಟಿಗಳನ್ನು ಸುರಿಯುವ ಮೊದಲು, ಆ ಅಳತೆಯನ್ನು ಒಮ್ಮೆ ಕೈಗೆ ತೆಗೆದುಕೊಳ್ಳುವುದು ಒಳಿತು.